ಅಂದಾಜು ಬಿಡಿ, ಅಳತೆ ಹಿಡಿಯಿರಿ: ನಮ್ಮೂರಿಗೆ ಒಗ್ಗುವ ಡಿಸ್ಪೆನ್ಸರ್ ಮಾಡುವ ಬಗೆ

ಒಂದು ಬಕೆಟ್ ನೀರಿಗೆ ಫಿನಾಯಿಲ್ ಎಷ್ಟು ಹಾಕುತ್ತೀರಿ ಎಂದು ಹಾಸ್ಟೆಲ್ಲಿನ ಆಯಾ ಅವರನ್ನು ಕೇಳಿ, ಹೋಟೆಲ್ಲಿನ ಕ್ಲೀನರ್‌ಗಳನ್ನು ಕೇಳಿ, ಕಲ್ಯಾಣ ಮಂಟಪದ ಕಾವಲುಗಾರರನ್ನು ಕೇಳಿ. ‘ಅಂದಾಜಿಗೆ ಹಾಕ್ತೀವಿ’ ಎನ್ನುತ್ತಾರೆ. ವಾಸನೆ ಬಂದರೆ ಸಾಕು, ನೀರು ಬೆಳ್ಳಗಾದರೆ ಸಾಕು. ಆ ಅಂದಾಜಿನ ಬೆಲೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ. ಕ್ಯಾನಿನ ಮೇಲೆ ಲೀಟರ್ ನೀರಿಗೆ 20 ಮಿ.ಲೀ. ಎಂದು ಬರೆದಿದ್ದರೆ 10 ಲೀಟರ್ ಬಕೆಟ್ಟಿಗೆ 200 ಮಿ.ಲೀ. ಸಾಕು, 5 ಲೀಟರ್ ಕ್ಯಾನ್ 25 ಬಕೆಟ್ ಬರಬೇಕು. ಕೈ ಸ್ವಲ್ಪ ಧಾರಾಳವಾಗಿ 300 ಮಿ.ಲೀ. ಸುರಿದರೆ ಅದೇ ಕ್ಯಾನ್ ಹದಿನಾರನೇ ಬಕೆಟ್ಟಿಗೇ ತಳ ಕಾಣುತ್ತದೆ. ಕೈ ಬಿಗಿಯಾಗಿ 100 ಹಾಕಿದರೆ ದುಡ್ಡು ಉಳಿಯುತ್ತದೆ, ಆದರೆ ರೋಗಾಣು ಸಾಯುವುದಿಲ್ಲ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಡಿಪ್ಲೊಮಾ ಮುಗಿಸಿದವರು, ವೆಲ್ಡಿಂಗ್ ಶಾಪ್ ಇಟ್ಟವರು, ಮೋಟರ್ ರಿವೈಂಡಿಂಗ್ ಬಲ್ಲವರು ‘ಏನಾದರೂ ಹೊಸದು ಮಾಡೋಣ’ ಎಂದುಕೊಂಡಿದ್ದರೆ ಕೈ ಹಾಕಬಹುದಾದ ಕೆಲಸ ಇದು: ಕೈ ತೊಳೆಯುವ, ನೆಲ ಒರೆಸುವ, ಶೌಚಾಲಯ ತೊಳೆಯುವ ದ್ರಾವಣಗಳನ್ನು ತಾನೇ ಅಳೆದು ಕೊಡುವ ಯಂತ್ರ. ಕೈ ಚಾಚಿದರೆ ಸೋಪು ಸುರಿಸುವ ಡಬ್ಬಿ ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ನಮ್ಮ ನೀರಿಗೆ, ನಮ್ಮ ಕರೆಂಟಿಗೆ, ನಮ್ಮ ಕೈಗೆ ಒಗ್ಗಿ, ಪ್ರತಿ ಸಲವೂ ಅಷ್ಟೇ ಅಳತೆ ಕೊಡುವಂಥದ್ದು ಸಿಗುವುದು ಕಷ್ಟ. ಹೊಸತನಕ್ಕೆ ಜಾಗ ಇರುವುದು ಅಲ್ಲಿ.

ಅಳತೆಗಾಗಿ ಹುಟ್ಟಿದ ಡಿಸ್ಪೆನ್ಸರ್

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಕ್ರಾನ್ ಪಟ್ಟಣದ ರಬ್ಬರ್ ಕಾರ್ಖಾನೆಯಲ್ಲಿ ಗೋಲ್ಡಿ ಲಿಪ್‌ಮನ್ ಎಂಬಾಕೆ ಕೆಲಸ ಮಾಡುತ್ತಿದ್ದರು. ಕೈಗೆ ಅಂಟಿದ ಕಪ್ಪು ಮಸಿ ಸೋಪಿಗೆ ಬಗ್ಗುತ್ತಿರಲಿಲ್ಲ. ಕಾರ್ಮಿಕರು ಸೀಮೆಎಣ್ಣೆ, ಬೆಂಜೀನ್‌ನಂಥ ರಾಸಾಯನಿಕಗಳಲ್ಲಿ ಕೈ ತೊಳೆದು ಚರ್ಮ ಹಾಳುಮಾಡಿಕೊಳ್ಳುತ್ತಿದ್ದರು. ಗೋಲ್ಡಿ ಮತ್ತು ಅವರ ಪತಿ ಜೆರ್ರಿ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರ ನೆರವಿನಿಂದ ಮಸಿ ಬಿಡಿಸುವ ಕ್ರೀಮ್ ತಯಾರಿಸಿ, 1946ರಲ್ಲಿ ‘ಗೋಜೊ’ ಕಂಪನಿ ಆರಂಭಿಸಿದರು. ಕ್ರೀಮ್ ಚೆನ್ನಾಗಿಯೇ ಇತ್ತು. ಆದರೆ ಕೆಲಸಗಾರರು ಬೊಗಸೆಗಟ್ಟಲೆ ತೆಗೆದುಕೊಳ್ಳುತ್ತಾರೆ, ಖರ್ಚು ತಾಳುವುದಿಲ್ಲ ಎಂದು ಗ್ಯಾರೇಜ್ ಮಾಲೀಕರು ದೂರಿದರು. ಒಂದು ಒತ್ತಿಗೆ ಇಷ್ಟೇ ಬರುವ ಡಿಸ್ಪೆನ್ಸರನ್ನು ಜೆರ್ರಿ ರೂಪಿಸಿದರು. 1952ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇದೇ ಕಂಪನಿ 1988ರಲ್ಲಿ ‘ಪ್ಯೂರೆಲ್’ ಸ್ಯಾನಿಟೈಸರ್ ಹೊರತಂದಿತು.

ಹೊನ್ನಾಳಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಇಂದಿಗೂ ಮೆಕ್ಯಾನಿಕ್‌ಗಳು ಡೀಸೆಲ್‌ನಲ್ಲಿ ಕೈ ಒರೆಸಿಕೊಂಡು ಆಮೇಲೆ ಬಟ್ಟೆ ಸೋಪು ಉಜ್ಜುತ್ತಾರೆ. ಸಮಸ್ಯೆ ಹಾಗೇ ಇದೆ. ಪರಿಹಾರಕ್ಕೆ ನಮ್ಮೂರಿನ ರೂಪ ಸಿಗಬೇಕಿದೆ.

ಮೊದಲ ಹೆಜ್ಜೆ: ಒಂದೇ ಕೆಲಸ ಆರಿಸಿ

ಎಲ್ಲ ಕೆಲಸಕ್ಕೂ ಆಗುವ ಯಂತ್ರ ಮಾಡಲು ಹೋದರೆ ಯಾವ ಕೆಲಸಕ್ಕೂ ಆಗುವುದಿಲ್ಲ. ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಬಗೆಯ ಗರಜು ಇದೆ.

ಚನ್ನಗಿರಿ: ಅಡಿಕೆ ಕೊಯ್ಲು ಬಂದರೆ ಶೆಡ್ಡುಗಳಲ್ಲಿ ಹಸಿ ಅಡಿಕೆ ಸುಲಿಯುವ, ಚೊಗರಿನಲ್ಲಿ ಬೇಯಿಸುವ ಕೆಲಸ. ಸುಲಿಯುವವರ ಕೈಗೆ ಹತ್ತಿದ ಕರೆ ಸಾಮಾನ್ಯ ಹ್ಯಾಂಡ್‌ವಾಶಿಗೆ ಹೋಗುವುದಿಲ್ಲ. ಇಲ್ಲಿ ಬೇಕಾದದ್ದು ಗಟ್ಟಿ ಪೇಸ್ಟನ್ನು ಅಳತೆಯಲ್ಲಿ ನೂಕುವ ಯಂತ್ರ. ತಾಲ್ಲೂಕಿನಲ್ಲೇ ಇರುವ ಸಂತೇಬೆನ್ನೂರು ಪುಷ್ಕರಣಿ, ಸೂಳೆಕೆರೆಯಂಥ ಪ್ರವಾಸಿ ತಾಣಗಳ ಶೌಚಾಲಯಗಳ ಗರಜೇ ಬೇರೆ: ಕಳ್ಳತನಕ್ಕೆ, ಒರಟು ಕೈಗೆ ಬಗ್ಗದ ಪೆಟ್ಟಿಗೆ.

ಹೊನ್ನಾಳಿ: ಹೋಟೆಲ್, ಗ್ಯಾರೇಜ್, ಬಸ್ ನಿಲ್ದಾಣ. ಆಹಾರ ಮುಟ್ಟುವವರಿಗೆ ಕೈ ತೊಳೆಯುವ ವ್ಯವಸ್ಥೆ ಇರಬೇಕೆಂದು ಆಹಾರ ಸುರಕ್ಷತಾ ಪರವಾನಗಿಯ 2011ರ ನಿಯಮಗಳ ನಾಲ್ಕನೇ ಅನುಸೂಚಿ ಹೇಳುತ್ತದೆ. ಗಿರಾಕಿಯ ಕೈ ತೊಟ್ಟಿಗಿಂತ ಮೊದಲು ಅಡುಗೆಮನೆಯೊಳಗಿನ ಕೈ ತೊಟ್ಟಿಗೆ ಯಂತ್ರ ಮಾಡಿ.

ನ್ಯಾಮತಿ: ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಇಲ್ಲಿ ಜಾತ್ರೆಯ ಜನಸಂದಣಿಯೇ ಸವಾಲು. ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರುವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ರಾಜ್ಯದಾಚೆಯಿಂದಲೂ ಭಕ್ತರು ಬರುತ್ತಾರೆ. ದಾಸೋಹದ ಸಾಲಿನ ಮುಂದೆ ಒಬ್ಬೊಬ್ಬರಿಗೂ ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಸುವ, ಮೂರು ದಿನ ಇಟ್ಟು ಆಮೇಲೆ ಮಡಚಿ ಒಯ್ಯುವ ಸ್ಟ್ಯಾಂಡ್ ಬೇಕು.

ಜಗಳೂರು: ನೀರೇ ದುಬಾರಿ. ಕಡಿಮೆ ನೀರಿನಲ್ಲಿ ತೊಳೆದುಹೋಗುವ ನೊರೆಸೋಪಿನ ಯಂತ್ರ ಹಾಸ್ಟೆಲ್, ಶಾಲೆಗಳಿಗೆ ಹೊಂದುತ್ತದೆ.

ಇವುಗಳ ಜೊತೆಗೆ ಸ್ಯಾನಿಟರಿ ಪ್ಯಾಡ್ ಯಂತ್ರವೂ ಇದೆ. ಶಾಲಾ ಹೆಣ್ಣುಮಕ್ಕಳಿಗೆ ‘ಶುಚಿ’ ಯೋಜನೆಯಡಿ ಪ್ಯಾಡ್ ಕೊಡುವ ವ್ಯವಸ್ಥೆ ರಾಜ್ಯದಲ್ಲಿ ಬಂದಿದೆ. ಆದರೆ ಬಸ್ ನಿಲ್ದಾಣ, ಗಾರ್ಮೆಂಟ್ಸ್, ಕಾಲೇಜುಗಳಲ್ಲಿ ನಾಣ್ಯ ಹಾಕಿ ಪಡೆಯುವ ಯಂತ್ರ ಬೇಕೇ ಬೇಕು. ಅಲ್ಲಿ ಕೈಕೊಡುವುದು ಸಾಮಾನ್ಯವಾಗಿ ನಾಣ್ಯ ಗುರುತಿಸುವ ಭಾಗ. 5 ರೂಪಾಯಿ ನಾಣ್ಯವೇ ಬೇರೆ ಬೇರೆ ತೂಕ, ಲೋಹಗಳಲ್ಲಿ ಚಲಾವಣೆಯಲ್ಲಿದೆ. ಒಂದೇ ಬಗೆಯ ನಾಣ್ಯ ಹಿಡಿದು ಪರೀಕ್ಷಿಸಿ ಬಿಟ್ಟರೆ ಯಂತ್ರ ವಾರದಲ್ಲಿ ಸಿಕ್ಕಿಕೊಳ್ಳುತ್ತದೆ.

ನೀರನ್ನು ಅರಿತು ಯಂತ್ರ ಮಾಡಿ

ಜಗಳೂರಿನ ಬೋರ್‌ವೆಲ್ ನೀರೆಂದರೆ ಮೊದಲು ನೆನಪಾಗುವುದು ಫ್ಲೋರೈಡ್. ಕುಡಿಯುವವರಿಗೆ ಅದು ದೊಡ್ಡ ಸಮಸ್ಯೆ. ಯಂತ್ರಕ್ಕೆ ತೊಂದರೆ ಕೊಡುವುದು ನೀರಿನ ಗಡಸುತನ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡದೆ ಬಿಳಿ ಗಸಿಯಾಗುತ್ತದೆ. ಬಿಳಿ ಫಿನಾಯಿಲ್‌ನ ಎಣ್ಣೆ ನೀರಿನಿಂದ ಬೇರ್ಪಟ್ಟು ಮೇಲೆ ತೇಲಬಹುದು. ನಳಿಕೆಯ ತುದಿಯಲ್ಲಿ ಸುಣ್ಣ ಕಟ್ಟಿ ತೂತು ಕಿರಿದಾಗುತ್ತದೆ. ತೂತು ಕಿರಿದಾದರೆ ಅಳತೆ ಕೆಡುತ್ತದೆ.

ಆದ್ದರಿಂದ ನಳಿಕೆಯ ತುದಿಯನ್ನು ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿಡುವಂತೆ ಮಾಡಿ. ದ್ರಾವಣದೊಳಗೆ ನೀರು ಬೆರೆಸುವ ಯಂತ್ರವಾದರೆ ಹೊನ್ನಾಳಿಯ ಹೊಳೆ ನೀರು, ಜಗಳೂರಿನ ಬೋರ್ ನೀರು, ಎರಡರಲ್ಲೂ ಒಂದೊಂದು ಬಾಟಲಿ ಕಲಸಿ ಒಂದು ರಾತ್ರಿ ಇಟ್ಟು ನೋಡಿ. ಜಗಳೂರಿನಲ್ಲಿ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಬಂದಿರುವುದರಿಂದ ಮುಂದೆ ಅಲ್ಲಿನ ನೀರಿನ ಗುಣ ಊರಿಂದೂರಿಗೆ ಬೇರೆಯಾಗಬಹುದು. ಅಳತೆಯನ್ನು ಜಾಗದಲ್ಲೇ ತಿದ್ದಲು ಒಂದು ತಿರುಪು ಇರಲಿ.

ಪಂಪ್ ಯಾವುದು?

ಯಂತ್ರದ ಜೀವ ಪಂಪಿನಲ್ಲಿದೆ. ಮೂರು ದಾರಿಗಳಿವೆ.

ವೆಂಚುರಿ: ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಹೊಸದಲ್ಲ. ರಸಗೊಬ್ಬರವನ್ನು ಪೈಪಿನೊಳಗೆ ಎಳೆದುಕೊಳ್ಳಲು ಬಳಸುವ ಸೊಂಟ ಕಿರಿದಾದ ಅದೇ ಭಾಗ. ನೀರು ರಭಸದಿಂದ ಹಾಯುವಾಗ ಪಕ್ಕದ ಕ್ಯಾನಿನಿಂದ ದ್ರಾವಣವನ್ನು ತಾನೇ ಹೀರಿಕೊಳ್ಳುತ್ತದೆ, ಕರೆಂಟ್ ಬೇಡ. ದೊಡ್ಡ ನಗರಗಳ ಹೋಟೆಲ್, ಆಸ್ಪತ್ರೆಗಳ ಗೋಡೆಗೆ ಹಾಕಿರುವ ಮಿಶ್ರಣ ಯಂತ್ರಗಳಲ್ಲಿ ಇರುವುದೂ ಬಹುಪಾಲು ಇದೇ. ಆದರೆ ಇದಕ್ಕೆ ಒತ್ತಡ ಬೇಕು. ತೋಟದಲ್ಲಿ ಪಂಪ್‌ಸೆಟ್ ಒತ್ತಡ ಕೊಡುತ್ತದೆ. ಕಟ್ಟಡದಲ್ಲಿ ಇರುವುದು ತಾರಸಿಯ ಸಿಂಟೆಕ್ಸ್ ಮಾತ್ರ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸಿಗುವುದು ಸುಮಾರು 1 ಬಾರ್. ಒಂದಂತಸ್ತಿನ ಕಟ್ಟಡದಲ್ಲಿ ಹೆಚ್ಚೆಂದರೆ ಅದರ ಅರ್ಧ. ಅಷ್ಟರಲ್ಲಿ ಹೀರುವಿಕೆ ಸರಿಯಾಗಿ ಆಗುವುದಿಲ್ಲ. ಬೇರೆ ಕಡೆಯಿಂದ ತಂದ ಯಂತ್ರ ಇಲ್ಲಿ ಕೆಲಸ ಮಾಡದಿರಲು ಇದೊಂದೇ ಕಾರಣ ಸಾಕು. ಕಡಿಮೆ ಒತ್ತಡದಲ್ಲೂ ಅಳತೆ ತಪ್ಪದ ವೆಂಚುರಿ ಮಾಡಿದರೆ ಅದು ನಿಜಕ್ಕೂ ಹೊಸ ಆವಿಷ್ಕಾರ.

ಪೆರಿಸ್ಟಾಲ್ಟಿಕ್ ಪಂಪ್: ಮೆತ್ತನೆಯ ರಬ್ಬರ್ ಕೊಳವೆಯನ್ನು ರೋಲರ್‌ಗಳು ಹೊಸೆಯುತ್ತ ದ್ರಾವಣವನ್ನು ಮುಂದೆ ತಳ್ಳುತ್ತವೆ. ಆಸ್ಪತ್ರೆಯ ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಹಾಯಿಸುವುದೂ ಇದೇ ಬಗೆಯ ಪಂಪ್. ದ್ರಾವಣ ಕೊಳವೆಯನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ಹಾಗಾಗಿ ತುಕ್ಕಿನ ಭಯವಿಲ್ಲ. ರೋಲರ್ ಎಷ್ಟು ಸುತ್ತಿತು ಎಂಬುದರಿಂದ ಅಳತೆ ಸಿಗುತ್ತದೆ. ಕೊಳವೆ ಸವೆಯುವುದೇ ಇದರ ದೋಷ. ಅದನ್ನು ಬದಲಿಸುವುದು ಸುಲಭವಾಗಿರಬೇಕು.

ಕಾಲೊತ್ತು ಪಂಪ್: 2020ರ ಕೊರೊನಾ ಕಾಲದಲ್ಲಿ ಊರೂರಿನ ವೆಲ್ಡಿಂಗ್ ಶಾಪ್‌ಗಳು ಮಾಡಿದ ಪೆಡಲ್ ಸ್ಟ್ಯಾಂಡ್. ಕರೆಂಟ್ ಬೇಡ, ಕೈ ಮುಟ್ಟಬೇಕಿಲ್ಲ. ಮೆತ್ತಗೆ ತುಳಿದರೆ ಕಡಿಮೆ, ಜೋರಾಗಿ ತುಳಿದರೆ ಹೆಚ್ಚು ಬರುವುದು ಅದರ ಕೊರತೆ. ಎಷ್ಟೇ ಜೋರಾಗಿ ತುಳಿದರೂ ಪಿಸ್ಟನ್ ಅಷ್ಟೇ ಓಡುವಂತೆ ತಡೆ ಕೊಟ್ಟರೆ ಜಾತ್ರೆಗೆ, ಬಸ್ ನಿಲ್ದಾಣಕ್ಕೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಸೆನ್ಸರ್ ಕಣ್ಣಿಗೆ ನಮ್ಮ ಕೈ ಕಾಣಬೇಕು

ಅಗ್ಗದ ಯಂತ್ರಗಳಲ್ಲಿ ಇರುವುದು ಇನ್‌ಫ್ರಾರೆಡ್ ಸೆನ್ಸರ್. ಬೆಳಕು ಬಿಟ್ಟು, ಕೈಯಿಂದ ಮರಳಿದ ಬೆಳಕು ಸಾಕಷ್ಟಿದ್ದರೆ ಪಂಪ್ ಓಡಿಸುತ್ತದೆ. ಕಪ್ಪು ಮೇಲ್ಮೈ ಕಡಿಮೆ ಬೆಳಕು ಮರಳಿಸುತ್ತದೆ. ಬಿಳಿ ಕೈಗೆ ಸೋಪು ಕೊಟ್ಟು ಕಪ್ಪು ಕೈಗೆ ಕೊಡದ ಡಿಸ್ಪೆನ್ಸರಿನ ವಿಡಿಯೊ 2017ರಲ್ಲಿ ಜಗತ್ತಿನಾದ್ಯಂತ ಹರಿದಾಡಿತ್ತು. ಚೊಗರಿನ ಕರೆ, ಗ್ರೀಸಿನ ಮಸಿ ಮೆತ್ತಿದ ಕೈಗಳೇ ನಿಮ್ಮ ಗಿರಾಕಿಗಳು ಎಂಬುದನ್ನು ನೆನಪಿಡಿ. ಇನ್ನೊಂದು ತೊಡಕು ಬಿಸಿಲು: ಬಯಲಿನಲ್ಲಿಟ್ಟ ಸೆನ್ಸರ್ ಬಿಸಿಲನ್ನೇ ಕೈ ಎಂದು ತಿಳಿದು ಸೋಪು ಸುರಿಸಬಹುದು.

ಪರಿಹಾರ ಎರಡು. ಟಿವಿ ರಿಮೋಟಿನಂತೆ ಬೆಳಕನ್ನು ಸೆಕೆಂಡಿಗೆ 38 ಸಾವಿರ ಸಲ ಮಿಡಿಸಿ, ಆ ಮಿಡಿತವನ್ನು ಮಾತ್ರ ಗುರುತಿಸುವ ರಿಸೀವರ್ ಬಳಸುವುದು ಒಂದು. ಇನ್ನೊಂದು, ಬೆಳಕು ಎಷ್ಟು ಮರಳಿತು ಎನ್ನುವುದರ ಬದಲು ಹೋಗಿ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವ ‘ಟೈಮ್ ಆಫ್ ಫ್ಲೈಟ್’ ಸೆನ್ಸರ್. ಇದು ತುಸು ದುಬಾರಿ, ಆದರೆ ಕೈಯ ಬಣ್ಣಕ್ಕೆ ಅಷ್ಟಾಗಿ ಮೋಸಹೋಗುವುದಿಲ್ಲ.

ಬ್ಯಾಟರಿಯ ಲೆಕ್ಕ

ಡಬ್ಬದ ಮೇಲೆ ‘ಬ್ಯಾಟರಿ ಒಂದು ವರ್ಷ ಬಾಳುತ್ತದೆ’ ಎಂದು ಬರೆದಿದ್ದರೆ ಅದು ಮನೆಬಳಕೆಯ ಲೆಕ್ಕ. ಹೋಟೆಲ್ಲಿನಲ್ಲಿ ದಿನಕ್ಕೆ 500 ಸಲ, ಒಂದೊಂದು ಸಲ 1 ಸೆಕೆಂಡ್, ಮೋಟರ್ ಅರ್ಧ ಆಂಪಿಯರ್ ಎಳೆದರೆ ದಿನದ ಖರ್ಚು ಸುಮಾರು 70 ಮಿಲಿಆಂಪಿಯರ್-ಅವರ್. 2,000 ಮಿಲಿಆಂಪಿಯರ್-ಅವರ್ ಸಾಮರ್ಥ್ಯದ ಸೆಲ್‌ಗಳು ಒಂದು ತಿಂಗಳಿಗೆ ಖಾಲಿ. ತಿಂಗಳು ತಿಂಗಳು ನಾಲ್ಕು ಸೆಲ್ ಕೊಳ್ಳಬೇಕೆಂದರೆ ಮಾಲೀಕರು ಯಂತ್ರವನ್ನೇ ಮೂಲೆಗೆ ಎಸೆಯುತ್ತಾರೆ. ರೀಚಾರ್ಜ್ ಆಗುವ ಲಿಥಿಯಂ ಸೆಲ್ಲಿಗೆ ಪುಟ್ಟ ಸೋಲಾರ್ ಪ್ಯಾನೆಲ್ ಜೋಡಿಸಿದರೆ ಈ ಖರ್ಚು ಸುಲಭವಾಗಿ ತೂಗುತ್ತದೆ. ಎರಡು ದಿನ ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ. ಎಲ್ಲ ಕೈಕೊಟ್ಟಾಗ ಒತ್ತಿ ತೆಗೆಯಲು ಒಂದು ಹಿಡಿಕೆಯೂ ಇರಲಿ.

ಬೆರೆಯಬಾರದ್ದು ಬೆರೆಯದಿರಲಿ

ಅಂದವನ್ನು ಬಿಟ್ಟು ಜೀವದ ಕಡೆ ನೋಡಬೇಕಾದ ಭಾಗ ಇದು.

• ಬ್ಲೀಚಿಂಗ್ ದ್ರಾವಣ, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಮತ್ತು ಶೌಚಾಲಯದ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಶೌಚಾಲಯದಲ್ಲಿ ಅದು ಪ್ರಾಣಕ್ಕೇ ಎರವಾದೀತು. ಎರಡಕ್ಕೂ ಬೇರೆ ಬೇರೆ ಯಂತ್ರ, ಬೇರೆ ಬೇರೆ ಗೋಡೆ ಇರಲಿ. ಒಂದರ ಕ್ಯಾನ್ ಇನ್ನೊಂದರ ಮೂತಿಗೆ ಕೂರದಂತೆ ಅಚ್ಚು ಬದಲಿಸಿ.

• ಹೈಪೋಕ್ಲೋರೈಟ್ ಕಬ್ಬಿಣವನ್ನಷ್ಟೇ ಅಲ್ಲ, ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಬಿಸಿಲಿಗೆ, ಶಾಖಕ್ಕೆ ಸತ್ವ ಕಳೆದುಕೊಂಡು ಅನಿಲ ಬಿಡುತ್ತದೆ. ಬೆಳಕು ಹೋಗದ ಪ್ಲಾಸ್ಟಿಕ್ ಕ್ಯಾನ್, ಗಾಳಿ ಹೊರಹೋಗುವ ಮುಚ್ಚಳ ಬಳಸಿ. ಶೇ 5ರ ದ್ರಾವಣವನ್ನು ಶೇ 1ಕ್ಕೆ ಇಳಿಸಲು ಒಂದು ಪಾಲಿಗೆ ನಾಲ್ಕು ಪಾಲು ನೀರು.

• ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ. ದೇವಸ್ಥಾನದಲ್ಲಿ ಕರ್ಪೂರದಾರತಿಯ ಹತ್ತಿರ, ಹೋಟೆಲ್ಲಿನಲ್ಲಿ ಒಲೆಯ ಹತ್ತಿರ, ಸ್ವಿಚ್ ಬೋರ್ಡಿನ ಮೇಲೆ ಇಡಬೇಡಿ. ಅಲ್ಲಿ ಸೋಪು, ನೀರೇ ಸರಿ.

• ನಲ್ಲಿಗೆ ನೇರ ಜೋಡಿಸುವ ಯಂತ್ರದಲ್ಲಿ ನೀರು ನಿಂತಾಗ ದ್ರಾವಣ ಹಿಂದಕ್ಕೆ ಹರಿದು ಕುಡಿಯುವ ನೀರಿನ ಪೈಪ್ ಸೇರಬಹುದು. ನಾನ್-ರಿಟರ್ನ್ ವಾಲ್ವ್ ಕಡ್ಡಾಯ. ನೀರು ಬೀಳುವ ಜಾಗದಲ್ಲಿ ಗಾಳಿಯ ಅಂತರವೂ ಇದ್ದರೆ ಇನ್ನೂ ಒಳ್ಳೆಯದು.

• ಅರ್ಧ ಖಾಲಿಯಾದ ಸೋಪಿನ ಡಬ್ಬಿಗೆ ಮೇಲಿಂದ ಮೇಲೆ ತುಂಬುತ್ತಾ ಹೋದರೆ ತಳದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕೈ ತೊಳೆಯಲು ಬಂದವರು ರೋಗಾಣು ಹಚ್ಚಿಕೊಂಡು ಹೋಗುತ್ತಾರೆ. ಖಾಲಿಯಾದ ಮೇಲೆ ತೊಳೆದು ಒಣಗಿಸಿ ತುಂಬಬೇಕು, ಇಲ್ಲವೇ ಮುಚ್ಚಿದ ಪೊಟ್ಟಣವನ್ನೇ ಬದಲಿಸಬೇಕು. ನೊರೆ ಬರಿಸಲು ನೀರು ಬೆರೆಸಿದ ಸೋಪಿಗೆ ಈ ಅಪಾಯ ಇನ್ನೂ ಹೆಚ್ಚು.

ಗುಂಡಿ, ಗುರುತುಗಳೆಲ್ಲ ಬಣ್ಣ ಮತ್ತು ಚಿತ್ರದಲ್ಲಿರಲಿ, ಬರಹ ಕನ್ನಡದಲ್ಲಿರಲಿ. ಯಂತ್ರ ಬಳಸುವವರು ಪೌರಕಾರ್ಮಿಕರು, ಆಯಾಗಳು. ಇಂಗ್ಲಿಷಿನ ಕೈಪಿಡಿ ಅವರಿಗೆ ಉಪಯೋಗವಿಲ್ಲ.

ಪರೀಕ್ಷೆ: ತಕ್ಕಡಿ ಸಾಕು

ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಲೋಟ ಇಡಿ. ಕ್ಯಾನ್ ತುಂಬಿದಾಗ, ಅರ್ಧ ಇದ್ದಾಗ, ತಳ ಕಂಡಾಗ ತಲಾ 50 ಸಲ ಓಡಿಸಿ, ಪ್ರತಿ ಸಲದ ತೂಕ ಬರೆದಿಡಿ. ಮೊದಲ ಸಲಕ್ಕೂ ಕೊನೆಯ ಸಲಕ್ಕೂ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಪಂಪ್ ಅಥವಾ ನಳಿಕೆ ಬದಲಿಸಿ. ಚಳಿಗಾಲದ ಮುಂಜಾನೆ ಸೋಪು ಗಟ್ಟಿಯಾಗುತ್ತದೆ, ಬೇಸಿಗೆಯ ಮಧ್ಯಾಹ್ನ ತೆಳ್ಳಗಾಗುತ್ತದೆ. ಎರಡು ಹೊತ್ತಿನಲ್ಲೂ ತೂಗಿ. ಗ್ರೀಸ್ ಹತ್ತಿದ ಕೈ, ಒದ್ದೆ ಕೈ, ಮಕ್ಕಳ ಪುಟ್ಟ ಕೈ, ಬಳೆ ತೊಟ್ಟ ಕೈ ಚಾಚಿ ಸೆನ್ಸರ್ ಪರೀಕ್ಷಿಸಿ. ಈ ದಾಖಲೆಯ ಪುಸ್ತಕವೇ ಮುಂದೆ ಗಿರಾಕಿಗೂ ಪೇಟೆಂಟ್ ಕಚೇರಿಗೂ ತೋರಿಸಲು ನಿಮ್ಮ ಬಳಿ ಇರುವ ಆಧಾರ.

ಪೇಟೆಂಟ್: ತೋರಿಸುವ ಮೊದಲು ಅರ್ಜಿ

ಮಾರುಕಟ್ಟೆಯ ಸೆನ್ಸರ್ ತಂದು ಮಾರುಕಟ್ಟೆಯ ಪಂಪಿಗೆ ಜೋಡಿಸಿದ ಮಾತ್ರಕ್ಕೆ ಪೇಟೆಂಟ್ ಸಿಗುವುದಿಲ್ಲ. ಗೊತ್ತಿರುವ ಸಾಧನಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುವಂತೆ ಬರೀ ಜೋಡಿಸುವುದು ಆವಿಷ್ಕಾರವಲ್ಲ ಎಂದು 1970ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಮು ಹೇಳುತ್ತದೆ. ಕಡಿಮೆ ಒತ್ತಡದ ವೆಂಚುರಿ, ತಪ್ಪು ಕ್ಯಾನ್ ಕೂರದ ಮೂತಿ, ಸುಣ್ಣ ಕಟ್ಟದ ನಳಿಕೆ, ಇಂಥವುಗಳಲ್ಲಿ ಹೊಸ ತಾಂತ್ರಿಕ ಪರಿಹಾರ ಇದ್ದರೆ ದಾರಿ ಇದೆ.

ಮೊದಲು ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಿ, ಇದೇ ವಿಚಾರಕ್ಕೆ ಯಾರಾದರೂ ಮುಂಚೆಯೇ ಅರ್ಜಿ ಹಾಕಿದ್ದಾರೆಯೇ ನೋಡಿ. ಕರ್ನಾಟಕದವರು ಅರ್ಜಿ ಹಾಕಬೇಕಾದದ್ದು ಚೆನ್ನೈ ಕಚೇರಿಗೆ, ಆನ್‌ಲೈನ್‌ನಲ್ಲೇ ಆಗುತ್ತದೆ. ವ್ಯಕ್ತಿಗಳಿಗೆ ಆರಂಭಿಕ ಶುಲ್ಕ 1,600 ರೂಪಾಯಿ. ವಿಚಾರ ಪೂರ್ತಿ ಪಕ್ವವಾಗಿಲ್ಲದಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದಿಟ್ಟುಕೊಳ್ಳಬಹುದು. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಪರೀಕ್ಷೆ ನಡೆಸುವಂತೆ ಬೇರೆಯಾಗಿ ಕೋರಬೇಕು. 2024ರ ತಿದ್ದುಪಡಿಯ ನಂತರದ ಅರ್ಜಿಗಳಿಗೆ ಅದರ ಗಡುವು 31 ತಿಂಗಳು. ಪೇಟೆಂಟ್ ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ ಹಕ್ಕು. ಹೊರರೂಪ ಮಾತ್ರ ಹೊಸದಾದರೆ 2000ದ ಡಿಸೈನ್ ಕಾಯ್ದೆಯಡಿ ನೋಂದಾಯಿಸಿ. 10 ವರ್ಷ, ಮೇಲೆ 5 ವರ್ಷ ರಕ್ಷಣೆ.

ಎಚ್ಚರ ಒಂದೇ: ಅರ್ಜಿ ಹಾಕುವ ಮೊದಲು ಕಾಲೇಜಿನ ಮೇಳದಲ್ಲಿ, ಯೂಟ್ಯೂಬಿನಲ್ಲಿ, ಜಾತ್ರೆಯಲ್ಲಿ ತೋರಿಸಿಬಿಟ್ಟರೆ ‘ಹೊಸದು’ ಎಂಬ ಹಕ್ಕು ಕೈಜಾರುತ್ತದೆ. ಅರ್ಜಿ ಮೊದಲು, ಪ್ರದರ್ಶನ ಆಮೇಲೆ.

ಯಾರ ಬಾಗಿಲು ತಟ್ಟಬೇಕು?

ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, ಬಾಪೂಜಿ ಮತ್ತು ಜಿಎಂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುತ್ತಿರುವ ನಿಮ್ಮೂರಿನ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಎತ್ತಿಕೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇಂಥ ಪ್ರಾಜೆಕ್ಟುಗಳಿಗೆ ಕಾಲೇಜಿನ ಮೂಲಕ ಧನಸಹಾಯ ಕೊಡುತ್ತದೆ; ಪೇಟೆಂಟ್ ಮಾಹಿತಿ ಕೇಂದ್ರವೂ ಅಲ್ಲಿದೆ. ಕಂಪನಿ ಕಟ್ಟುವ ಹಂತಕ್ಕೆ ಬಂದರೆ ರಾಜ್ಯ ಸರ್ಕಾರದ ‘ಎಲಿವೇಟ್’ ನವೋದ್ಯಮ ಅನುದಾನಕ್ಕೆ ಅರ್ಜಿ ಹಾಕಬಹುದು.

ಒಂದು ಕಿವಿಮಾತು: ಯಂತ್ರ ಮಾಡಿ, ಅದರೊಳಗಿನ ದ್ರಾವಣ ಮಾಡಲು ಹೋಗಬೇಡಿ. ಹ್ಯಾಂಡ್‌ವಾಶ್, ಸ್ಯಾನಿಟೈಸರ್ ತಯಾರಿಸಿ ಮಾರಲು ಔಷಧ ಮತ್ತು ಸೌಂದರ್ಯವರ್ಧಕ ಕಾನೂನಿನಡಿ ಪರವಾನಗಿ ಬೇಕು. ಶತಮಾನದಿಂದಲೂ ಸಾಬೂನು ಮಾಡುತ್ತಿರುವ ನಮ್ಮ ಸರ್ಕಾರಿ ಕಾರ್ಖಾನೆಯಿಂದ ಹಿಡಿದು ಹಲವರು ಅದನ್ನು ಮಾಡುತ್ತಿದ್ದಾರೆ. ಯಾವ ಕಂಪನಿಯ ದ್ರಾವಣ ಸುರಿದರೂ ನಡೆಯುವ ಯಂತ್ರಕ್ಕೆ ಗಿರಾಕಿ ಹೆಚ್ಚು.

ಮಾರುವಾಗ ಬೆಲೆಯ ಬದಲು ಉಳಿತಾಯ ತೋರಿಸಿ. 200 ಮಕ್ಕಳ ಹಾಸ್ಟೆಲ್ಲಿನಲ್ಲಿ ದಿನಕ್ಕೆ ನಾಲ್ಕು ಸಲ ಕೈ ತೊಳೆದರೆ, ಸಲಕ್ಕೆ 1 ಮಿ.ಲೀ.ನಂತೆ 800 ಮಿ.ಲೀ. ಸೋಪು ಬೇಕು. ಕೈಪಂಪ್ ಒತ್ತಿ 2 ಮಿ.ಲೀ. ಹೋಗುತ್ತಿದ್ದರೆ ದಿನಕ್ಕೆ 800 ಮಿ.ಲೀ., ತಿಂಗಳಿಗೆ 24 ಲೀಟರ್ ಉಳಿತಾಯ. ವಾರ್ಡನ್‌ಗೆ ಈ ಒಂದು ಸಾಲು ಸಾಕು. ಮೊದಲ ಎರಡು ಯಂತ್ರಗಳನ್ನು ನೀವೇ ಸೈಕಲ್ಲಿನಲ್ಲಿ ಹೋಗಿ ರಿಪೇರಿ ಮಾಡುವಷ್ಟು ಹತ್ತಿರದಲ್ಲಿ, ಪರಸ್ಪರ ಗೋಪ್ಯತೆಯ ಬರಹ ಮಾಡಿಕೊಂಡು, ಪುಕ್ಕಟೆ ಹಾಕಿ. ಮೂರು ತಿಂಗಳಾದ ಮೇಲೆ ಖಾಲಿಯಾದ ಕ್ಯಾನ್‌ಗಳನ್ನು ಎಣಿಸಿ, ಬಳಸಿದ ಆಯಾ ಅವರನ್ನು ಕೇಳಿ. ‘ಇದನ್ನ ಬಿಚ್ಚಬೇಡಿ’ ಎಂದರೆ ಮೂರನೆಯದನ್ನು ಬೆಲೆ ಕಟ್ಟಿ ಮಾರಿ. ‘ಮಗ್ಗೇ ವಾಸಿ’ ಎಂದರೆ ಯಾಕೆಂದು ಕೇಳಿ ಬರೆದುಕೊಂಡು ಬಂದು ಮತ್ತೆ ತಕ್ಕಡಿಯ ಮುಂದೆ ಕೂರಿ.